ರಾಜ್ಯಸಭೆ ಫಲಿತಾಂಶ ಓದುವುದು ಹೇಗೆ: ಕೊನೆಯ ಸ್ಥಾನದ ಮೇಲೆ ಕಣ್ಣಿಡಿ

ರಾಜ್ಯಸಭೆ ಫಲಿತಾಂಶ ಬಂದ ರಾತ್ರಿ ಗೆದ್ದವರ ಕೊರಳಿಗೆ ಹಾರ ಬೀಳುವುದನ್ನೇ ಟಿವಿಯಲ್ಲಿ ನೋಡುತ್ತಾ ಕೂತರೆ ಏನೂ ತಿಳಿಯುವುದಿಲ್ಲ. ನಾಲ್ಕು ಸ್ಥಾನಕ್ಕೆ ಐದು ಜನ ನಿಂತರೆ ಮೂವರ ಗೆಲುವು ಮೊದಲೇ ಗೊತ್ತಿರುತ್ತದೆ. ಸುದ್ದಿ ಇರುವುದು ಕೊನೆಯ ಸ್ಥಾನದಲ್ಲಿ. ಮೈತ್ರಿಗಳ ಹಣೆಬರಹ ಗೊತ್ತಾಗುವುದೂ ಅಲ್ಲೇ. ಯಾಕೆಂದರೆ ಚಿಕ್ಕ ಪಕ್ಷದ ಅಭ್ಯರ್ಥಿಗೆ ಹೆಚ್ಚಾಗಿ ಸಿಗುವುದು ಆ ಜಾಗವೇ.

ನಾನು ಬಹಳ ಕಾಲ ಪತ್ರಿಕೆಯ ಸುದ್ದಿ ಡೆಸ್ಕ್‌ನಲ್ಲಿ ದುಡಿದವಳು. ವರದಿಗಾರರು ವಿಧಾನಸೌಧದಿಂದ ಫೋನ್‌ನಲ್ಲಿ ಅಂಕಿ ಹೇಳುತ್ತಿದ್ದರು, ಕೋಷ್ಟಕ ಮಾಡುವುದು ನನ್ನ ಪಾಲಿಗೆ ಬರುತ್ತಿತ್ತು. ನಿವೃತ್ತಿಯಾದ ಮೇಲೂ ಆ ಚಟ ಹೋಗಿಲ್ಲ. ನಮ್ಮ ಭಾವ ಮಂಡ್ಯ ಕಡೆಯವರು, ಅಪ್ಪಟ ಜೆಡಿಎಸ್. ಪ್ರತಿ ಸಲವೂ ಫೋನ್ ಮಾಡಿ "ನಮ್ಮವರಿಗೆ ಯಾರಮ್ಮಾ ಕೈಕೊಟ್ಟಿದ್ದು?" ಅಂತ ಕೇಳುತ್ತಾರೆ. ಅವರಿಗೆ ಹೇಳಿಕೊಟ್ಟ ಲೆಕ್ಕವನ್ನೇ ಇಲ್ಲಿ ಬರೆದಿದ್ದೇನೆ. ಕೂಡುವುದು, ಕಳೆಯುವುದು, ಭಾಗಿಸುವುದು ಬಂದರೆ ಸಾಕು.

ಮತದಾನಕ್ಕೆ ಮುಂಚೆ

ಫಲಿತಾಂಶ ಓದುವ ಕೆಲಸ ಮತದಾನದ ಹಿಂದಿನ ದಿನವೇ ಶುರುವಾಗಬೇಕು. ಯಾರ ಹತ್ತಿರ ಎಷ್ಟಿತ್ತು ಅಂತ ಬರೆದಿಟ್ಟುಕೊಳ್ಳದಿದ್ದರೆ ಯಾರು ಎಷ್ಟು ಕಳೆದುಕೊಂಡರು ಅಂತ ಹೇಳುವುದು ಹೇಗೆ?

ಮತ ಹಾಕುವವರು ಆಯ್ಕೆಯಾದ ಶಾಸಕರು ಮಾತ್ರ. ವಿಧಾನ ಪರಿಷತ್ತಿನವರಿಗೆ ಇಲ್ಲಿ ಮತವಿಲ್ಲ. ನಾಮಕರಣಗೊಂಡ ಶಾಸಕರು ಇದ್ದ ಕಾಲದಲ್ಲಿ ಅವರಿಗೂ ಇರಲಿಲ್ಲ. ಸ್ಪೀಕರ್‌ಗೆ ಇದೆ, ಇದನ್ನು ಮರೆತು ಒಂದು ಮತ ಕಡಿಮೆ ಎಣಿಸುವವರು ಬಹಳ ಮಂದಿ. ಕರ್ನಾಟಕದಲ್ಲಿ ಒಟ್ಟು 224. ರಾಜೀನಾಮೆ, ಸಾವು, ಅನರ್ಹತೆ ಏನಾದರೂ ಇದ್ದರೆ ಕಳೆಯಿರಿ. 2024ರ ಫೆಬ್ರವರಿ 27ರ ಮತದಾನಕ್ಕೆ ಎರಡು ದಿನ ಮುಂಚೆ ಸುರಪುರದ ಶಾಸಕ ರಾಜಾ ವೆಂಕಟಪ್ಪ ನಾಯಕ ತೀರಿಕೊಂಡರು. ಪಟ್ಟಿ 223ಕ್ಕೆ ಇಳಿಯಿತು.

ಆಮೇಲೆ ಪಕ್ಷವಾರು ಸಂಖ್ಯೆ. ಪಕ್ಷೇತರರನ್ನೂ ಒಬ್ಬರೇ ಶಾಸಕರಿರುವ ಪಕ್ಷಗಳನ್ನೂ ಬೇರೆ ಸಾಲಿನಲ್ಲಿ ಬರೆಯಿರಿ. "ಅವರು ನಮ್ಮ ಕಡೆ" ಅಂತ ಎರಡೂ ಬಣದವರು ಹೇಳುತ್ತಿರುತ್ತಾರೆ, ಎಣಿಕೆ ಮುಗಿಯುವ ತನಕ ಅವರನ್ನು ಯಾರ ಲೆಕ್ಕಕ್ಕೂ ಸೇರಿಸಬೇಡಿ.

ಕೋಟಾ

ಗೆಲ್ಲಲು ಬೇಕಾದ ಮತಕ್ಕೆ ಕೋಟಾ ಅನ್ನುತ್ತಾರೆ. ಶಾಸಕರು ಮತಪತ್ರದಲ್ಲಿ ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಅಂತ ಪ್ರಾಶಸ್ತ್ಯ ಬರೆಯುತ್ತಾರೆ. ಗೆದ್ದವರಿಗೆ ಕೋಟಾಕ್ಕಿಂತ ಹೆಚ್ಚು ಬಂದದ್ದೂ ಹೊರಬಿದ್ದವರ ಮತವೂ ಮುಂದಿನ ಪ್ರಾಶಸ್ತ್ಯದವರಿಗೆ ಹೋಗುತ್ತದೆ. ಒಂದಕ್ಕಿಂತ ಹೆಚ್ಚು ಸ್ಥಾನ ಇದ್ದಾಗ ಪ್ರತಿ ಮತಪತ್ರಕ್ಕೂ 100 ಮೌಲ್ಯ. ಸಿಂಧುವಾದ ಮತಗಳನ್ನು 100ರಿಂದ ಗುಣಿಸಿ, ಸ್ಥಾನಗಳ ಸಂಖ್ಯೆಗೆ ಒಂದು ಕೂಡಿಸಿ ಅದರಿಂದ ಭಾಗಿಸಿ. ಬಂದದ್ದರಲ್ಲಿ ಭಿನ್ನಾಂಕ ಬಿಟ್ಟು ಒಂದು ಸೇರಿಸಿ. ಕರ್ನಾಟಕದಲ್ಲಿ 4 ಸ್ಥಾನಕ್ಕೆ 224 ಮಂದಿಯೂ ಮತ ಹಾಕಿದರೆ 22,400 ಭಾಗಿಸು 5, ಅಂದರೆ 4,480. ಒಂದು ಸೇರಿಸಿದರೆ 4,481. ಮೊದಲ ಪ್ರಾಶಸ್ತ್ಯದ ಮತದಲ್ಲೇ ಗೆಲ್ಲಬೇಕು ಅಂದರೆ 45 ಜನ ಬೇಕು.

ಕೋಟಾ ಲೆಕ್ಕ ಹಾಕುವುದು ಸಿಂಧು ಮತಗಳ ಮೇಲೆ, ಶಾಸಕರ ಒಟ್ಟು ಸಂಖ್ಯೆಯ ಮೇಲಲ್ಲ. ಯಾರಾದರೂ ಗೈರಾದರೆ, ಮತ ಅಸಿಂಧುವಾದರೆ ಕೋಟಾವೂ ಕೆಳಗಿಳಿಯುತ್ತದೆ. ಗೈರುಹಾಜರಿ ಎದುರಾಳಿಗೆ ಸಹಾಯ ಮಾಡುವುದು ಹೀಗೆ.

ಈಗ ಪ್ರತಿ ಬಣದ ಸಂಖ್ಯೆಯಿಂದ 45, 90, 135 ಕಳೆಯುತ್ತಾ ಹೋಗಿ. ಉಳಿಯುವ ಚೂರು ಎಷ್ಟು ನೋಡಿ. ಆ ಚೂರುಗಳ ಜಗಳವೇ ಚುನಾವಣೆ.

2022: ಮೂರು ಚೂರು, ಒಂದು ಕುರ್ಚಿ

ಅಭ್ಯಾಸಕ್ಕೆ 2022ರ ಜೂನ್ 10ರ ಚುನಾವಣೆಗಿಂತ ಒಳ್ಳೆಯ ಉದಾಹರಣೆ ಇಲ್ಲ. 4 ಸ್ಥಾನಕ್ಕೆ 6 ಅಭ್ಯರ್ಥಿಗಳು. ಬೆಂಬಲಿಗರೂ ಸೇರಿ ಬಿಜೆಪಿ ಕಡೆ 122, ಕಾಂಗ್ರೆಸ್ ಕಡೆ 70, ಜೆಡಿಎಸ್ 32. ಬಿಜೆಪಿಗೆ ಇಬ್ಬರನ್ನು ಗೆಲ್ಲಿಸಿದ ಮೇಲೆ 32 ಉಳಿಯುತ್ತದೆ. ಕಾಂಗ್ರೆಸ್‌ಗೆ ಒಬ್ಬರನ್ನು ಗೆಲ್ಲಿಸಿದ ಮೇಲೆ 25. ಜೆಡಿಎಸ್‌ಗೆ ಇರುವುದೇ 32. ನಾಲ್ಕನೇ ಸ್ಥಾನ ಯಾರ ಕೈಯಲ್ಲೂ ಇರಲಿಲ್ಲ. ಆದರೂ ಮೂವರೂ ಅಭ್ಯರ್ಥಿ ಹಾಕಿದರು: ಲಹರ್ ಸಿಂಗ್, ಮನ್ಸೂರ್ ಅಲಿ ಖಾನ್, ಕುಪೇಂದ್ರ ರೆಡ್ಡಿ.

ಬಂದ ಮತಗಳು: ನಿರ್ಮಲಾ ಸೀತಾರಾಮನ್ 46, ಜೈರಾಮ್ ರಮೇಶ್ 46, ಜಗ್ಗೇಶ್ 44, ಲಹರ್ ಸಿಂಗ್ 33, ಕುಪೇಂದ್ರ ರೆಡ್ಡಿ 30, ಮನ್ಸೂರ್ 25. ಕೂಡಿಸಿ ನೋಡಿ, 224.

ಮರುದಿನ ಚರ್ಚೆಯೆಲ್ಲ ಜೆಡಿಎಸ್‌ನ ಇಬ್ಬರು ಕೈಕೊಟ್ಟ ಬಗ್ಗೆಯೇ. ಅದು ಲೆಕ್ಕದಲ್ಲೂ ಕಾಣುತ್ತದೆ. ಕಾಂಗ್ರೆಸ್‌ನ 46 ಮತ್ತು 25 ಸೇರಿದರೆ 71, ಒಂದು ಜಾಸ್ತಿ. ಬಿಜೆಪಿಯ 46, 44, 33 ಸೇರಿದರೆ 123, ಅಲ್ಲೂ ಒಂದು ಜಾಸ್ತಿ. ಜೆಡಿಎಸ್ 32 ಇದ್ದದ್ದು 30. ಆದರೆ ಭಾವನಿಗೆ ನಾನು ಕೇಳಿದ ಪ್ರಶ್ನೆ ಬೇರೆ. ಆ ಇಬ್ಬರೂ ಗಟ್ಟಿಯಾಗಿ ನಿಂತಿದ್ದರೆ ಕುಪೇಂದ್ರ ರೆಡ್ಡಿಗೆ 32, ಲಹರ್ ಸಿಂಗ್‌ಗೆ 32. ಸಮ ಸಮ. ಅಷ್ಟರಿಂದಲೇ ಗೆಲುವು ಬರುತ್ತಿರಲಿಲ್ಲ. ಗೆಲುವು ಇದ್ದದ್ದು ಮನ್ಸೂರ್ ಅವರ 25 ಮತಪತ್ರಗಳಲ್ಲಿ. ಅವುಗಳ ಮೇಲೆ ಎರಡನೇ ಪ್ರಾಶಸ್ತ್ಯವಾಗಿ ಕುಪೇಂದ್ರ ರೆಡ್ಡಿ ಹೆಸರು ಇದ್ದಿದ್ದರೆ ಮನ್ಸೂರ್ ಹೊರಬಿದ್ದ ಕೂಡಲೇ ಲೆಕ್ಕ 55ಕ್ಕೆ ಹೋಗುತ್ತಿತ್ತು. ಕಾಂಗ್ರೆಸ್ ಮತ್ತು ಜೆಡಿಎಸ್ ಸೇರಿದರೆ 102 ಮತ, ಎರಡು ಸ್ಥಾನಕ್ಕೆ ಬೇಕಾದದ್ದು 90. ಎರಡನೇ ಪ್ರಾಶಸ್ತ್ಯವನ್ನು ಪರಸ್ಪರ ಹಂಚಿಕೊಳ್ಳೋಣ ಅಂತ ಜೆಡಿಎಸ್ ಕೇಳಿತ್ತು. ಸಿದ್ದರಾಮಯ್ಯ ಅದರ ಬದಲು ಜೆಡಿಎಸ್ ಶಾಸಕರಿಗೇ ಬಹಿರಂಗ ಪತ್ರ ಬರೆದು ಮನ್ಸೂರ್‌ಗೆ ಆತ್ಮಸಾಕ್ಷಿ ಮತ ಹಾಕಿ ಅಂದರು. ಇಬ್ಬರೂ ಜಗಳ ಮುಗಿಸುವ ಹೊತ್ತಿಗೆ ಲಹರ್ ಸಿಂಗ್ 33 ಮತದಲ್ಲಿ ದೆಹಲಿಗೆ ಹೋದರು. ಕೋಟಾ ಮುಟ್ಟದೆಯೂ ಗೆಲ್ಲಬಹುದು. ಉಳಿದವರು ಒಬ್ಬೊಬ್ಬರಾಗಿ ಹೊರಗೆ ಹೋದ ಮೇಲೆ ಕೊನೆಗೆ ಉಳಿದವರಿಗೆ ಸ್ಥಾನ.

ಜಗ್ಗೇಶ್ ಕಥೆಯನ್ನೂ ನೋಡಿ. 44 ಮತ ಅಂದರೆ 4,400, ಕೋಟಾಕ್ಕೆ 81 ಕಡಿಮೆ. ನಿರ್ಮಲಾ ಅವರ 4,600ರಲ್ಲಿ ಕೋಟಾ ಕಳೆದರೆ 119 ಹೆಚ್ಚುವರಿ. ಅದನ್ನು 46 ಮತಪತ್ರಗಳಿಗೆ ಹಂಚಿದರೆ, ಭಿನ್ನಾಂಕ ಬಿಟ್ಟು, ತಲಾ 2. ಆ 46ರಲ್ಲೂ ಎರಡನೇ ಹೆಸರು ಜಗ್ಗೇಶ್ ಆಗಿದ್ದರೆ 92 ಸಿಗುತ್ತದೆ, 4,492. ದಾಟಿತು. 46 ಮತ್ತು 44 ಅಂತ ಹಂಚಿದವರು ಈ ಲೆಕ್ಕ ಗೊತ್ತಿದ್ದೇ ಹಂಚಿದ್ದು. ಒಂದು ಮತವನ್ನೂ ಪೋಲು ಮಾಡದೆ ಮಿಕ್ಕದ್ದನ್ನೆಲ್ಲ ಮೂರನೆಯವರಿಗೆ ಇಟ್ಟರು.

ಹೆಚ್ಚುವರಿ ಮತ ಎಲ್ಲಿಗೆ ಹರಿಯಿತು?

ಅದೇ ದಿನ ಮಹಾರಾಷ್ಟ್ರದಲ್ಲಿ ಇದರ ದೊಡ್ಡ ಆಟ ನಡೆಯಿತು. 6 ಸ್ಥಾನ, 7 ಅಭ್ಯರ್ಥಿಗಳು. ಆಡಳಿತದಲ್ಲಿದ್ದದ್ದು ಶಿವಸೇನೆ, ಎನ್‌ಸಿಪಿ, ಕಾಂಗ್ರೆಸ್‌ನ ಮಹಾ ವಿಕಾಸ ಆಘಾಡಿ. ಕೊನೆಯ ಸ್ಥಾನಕ್ಕೆ ಶಿವಸೇನೆಯ ಸಂಜಯ್ ಪವಾರ್, ಬಿಜೆಪಿಯ ಧನಂಜಯ್ ಮಹಾಡಿಕ್. ಮೊದಲ ಪ್ರಾಶಸ್ತ್ಯದಲ್ಲಿ ಪವಾರ್‌ಗೆ 33, ಮಹಾಡಿಕ್‌ಗೆ 27. ಗೆದ್ದವರು ಮಹಾಡಿಕ್.

ಪಟ್ಟಿ ಮಾತ್ರ ನೋಡಿದವರಿಗೆ ಇದು ಮೋಸದ ಹಾಗೆ ಕಾಣುತ್ತದೆ. ಲೆಕ್ಕ ಮಾಡಿ. ಸಿಂಧು ಮತ 284. 28,400 ಭಾಗಿಸು 7, ಭಿನ್ನಾಂಕ ಬಿಟ್ಟರೆ 4,057, ಕೋಟಾ 4,058. ಬಿಜೆಪಿಯ ಪೀಯೂಷ್ ಗೋಯಲ್ ಮತ್ತು ಅನಿಲ್ ಬೋಂಡೆ ಇಬ್ಬರಿಗೂ 48, 48. ಒಬ್ಬೊಬ್ಬರ ಹತ್ತಿರ 742 ಹೆಚ್ಚುವರಿ. ಎರಡೂ ಸೇರಿದರೆ 14 ಶಾಸಕರ ಮತಕ್ಕೆ ಸಮ. ಆ ಮತಪತ್ರಗಳ ಎರಡನೇ ಹೆಸರು ಮಹಾಡಿಕ್. 27ಕ್ಕೆ 14 ಸೇರಿದರೆ 41, ಕೆಲಸ ಆಯಿತು. ಆಘಾಡಿಯ ಪ್ರಫುಲ್ ಪಟೇಲ್‌ಗೆ 43, ಇಮ್ರಾನ್ ಪ್ರತಾಪ್‌ಗಢಿಗೆ 44, ಸಂಜಯ್ ರಾವುತ್‌ಗೆ 41. ಅಲ್ಲಿಂದ ಹರಿಯಲು ಹೆಚ್ಚೇನೂ ಉಳಿದಿರಲಿಲ್ಲ. ಮೂರು ಪಕ್ಷದವರೂ ಮೊದಲು ತಂತಮ್ಮ ಅಭ್ಯರ್ಥಿಯನ್ನು ಭದ್ರ ಮಾಡಿಕೊಂಡರು. ಮೈತ್ರಿಯ ನಾಲ್ಕನೇ ಅಭ್ಯರ್ಥಿ ಯಾರ ಜವಾಬ್ದಾರಿಯೂ ಆಗಲಿಲ್ಲ.

ಕೆಲವೇ ದಿನಗಳಲ್ಲಿ ಏಕನಾಥ್ ಶಿಂದೆ ಶಾಸಕರನ್ನು ಕರೆದುಕೊಂಡು ಸೂರತ್‌ಗೆ ಹೋದರು. ಜೂನ್ ಮುಗಿಯುವಷ್ಟರಲ್ಲಿ ಸರ್ಕಾರ ಬಿತ್ತು. ರಾಜ್ಯಸಭೆ ಫಲಿತಾಂಶದಿಂದಲೇ ಬಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ಮೈತ್ರಿಯ ಲೆಕ್ಕದಲ್ಲಿ ಸೋರುತ್ತಿದೆ ಅನ್ನುವುದು ಆ ಪಟ್ಟಿಯಲ್ಲಿ ಮೊದಲು ಕಂಡಿತ್ತು.

ಸೋತರೂ ಮೈತ್ರಿ ಗಟ್ಟಿ ಇರಬಹುದು

ಕರ್ನಾಟಕದ 2024ರ ಫಲಿತಾಂಶ ಇದಕ್ಕೆ ತದ್ವಿರುದ್ಧ. ಅಷ್ಟರಲ್ಲಿ ಜೆಡಿಎಸ್ ಎನ್‌ಡಿಎ ಸೇರಿತ್ತು. ಬಿಜೆಪಿ 66, ಜೆಡಿಎಸ್ 19, ಒಟ್ಟು 85. ಇಬ್ಬರನ್ನು ಗೆಲ್ಲಿಸಲು 90 ಬೇಕು. 5 ಕಡಿಮೆ ಅಂತ ಗೊತ್ತಿದ್ದೂ ಕುಪೇಂದ್ರ ರೆಡ್ಡಿಯನ್ನು ಮತ್ತೆ ನಿಲ್ಲಿಸಿದರು. ಬಂದ ಮತ: ಅಜಯ್ ಮಾಕನ್ 47, ನಾಸಿರ್ ಹುಸೇನ್ 47, ನಾರಾಯಣಸಾ ಭಾಂಡಗೆ 47, ಜಿ.ಸಿ. ಚಂದ್ರಶೇಖರ್ 45, ಕುಪೇಂದ್ರ ರೆಡ್ಡಿ 36. ಕಾಂಗ್ರೆಸ್‌ಗೆ ಮೂರು, ಬಿಜೆಪಿಗೆ ಒಂದು.

"ಮೈತ್ರಿಗೆ ಮುಖಭಂಗ" ಅಂತ ತಲೆಬರಹ ಬಂತು. ಸೋಲು ನಿಜ, ಆದರೆ ಸೋರಿದ್ದು ಎಲ್ಲಿ? ಯಶವಂತಪುರದ ಎಸ್.ಟಿ. ಸೋಮಶೇಖರ್ ಕಾಂಗ್ರೆಸ್‌ಗೆ ಮತ ಹಾಕಿದರು, ಯಲ್ಲಾಪುರದ ಶಿವರಾಮ ಹೆಬ್ಬಾರ್ ಬರಲೇ ಇಲ್ಲ. ಇಬ್ಬರೂ ಬಿಜೆಪಿಯವರು. 66ರಲ್ಲಿ 2 ಹೋದರೆ 64. ಅದರಲ್ಲಿ 47 ಭಾಂಡಗೆಗೆ, ಉಳಿದದ್ದು 17. ಜೆಡಿಎಸ್‌ನ 19 ಸೇರಿಸಿ: 36. ಒಂದು ಮತವೂ ಆಚೀಚೆ ಇಲ್ಲ. ಅಂದರೆ ಚಿಕ್ಕ ಪಕ್ಷದ ಹತ್ತೊಂಬತ್ತೂ ನಿಂತಿತು, ದೊಡ್ಡ ಪಕ್ಷದ ಮಿಕ್ಕ ಮತ ಪೂರ್ತಿ ಬಂತು. ಸೋರಿದ್ದು ದೊಡ್ಡ ಪಕ್ಷದ ಮನೆಯಲ್ಲಿ. ಅವರಿಬ್ಬರನ್ನು ಬಿಜೆಪಿ 2025ರ ಮೇನಲ್ಲಿ ಉಚ್ಚಾಟಿಸಿತು. ಆ ಫಲಿತಾಂಶದ ರಾತ್ರಿ ಭಾವ ಫೋನ್ ಮಾಡಿದಾಗ "ಈ ಸಲ ನಿಮ್ಮವರು ಯಾರೂ ಕೈಕೊಟ್ಟಿಲ್ಲ" ಅಂದೆ. "ಹಂಗಾದ್ರೂ ಸೋತ್ವಲ್ಲ" ಅಂದರು. ಅದೂ ಸರಿ ಅನ್ನಿ.

ಕಾಂಗ್ರೆಸ್ ಕಡೆಯ ಲೆಕ್ಕವನ್ನು ಬೇಗ ಮುಗಿಸೋಣ. 134ಕ್ಕೆ ಪಕ್ಷೇತರರು ಮತ್ತು ಸಣ್ಣ ಪಕ್ಷದವರು 4, ಸೋಮಶೇಖರ್ 1. ಒಟ್ಟು 139. 47, 47, 45 ಕೂಡಿಸಿದರೂ 139. ಹೀಗೆ ಎರಡೂ ಕಡೆ ತಾಳೆಯಾದಾಗ ಮಾತ್ರ ನಾನು ಪೆನ್ ಕೆಳಗಿಡುವುದು.

ಬಂಡಾಯದ ಮೇಲೆ ಎಲ್ಲ ತಪ್ಪು ಹೊರಿಸಬೇಡಿ

2016ರ ಜೂನ್‌ನಲ್ಲಿ ಜೆಡಿಎಸ್‌ಗೆ 40 ಶಾಸಕರಿದ್ದರು, ಅಭ್ಯರ್ಥಿ ಬಿ.ಎಂ. ಫಾರೂಕ್. 8 ಮಂದಿ ಬಂಡಾಯ ಎದ್ದು ಕಾಂಗ್ರೆಸ್ ಕಡೆ ಹೋದರು. ಫಾರೂಕ್‌ಗೆ ಬಿದ್ದದ್ದು 33. ಬಂಡಾಯ ಸುದ್ದಿಯೇ, ಸಂದೇಹ ಇಲ್ಲ. ಆದರೆ 33ಕ್ಕೆ 8 ಸೇರಿಸಿ ನೋಡಿ, 41. ಕೋಟಾ 45. ಹೊರಗಿನ ಸಹಾಯ ಇಲ್ಲದೆ ಆ ಸ್ಥಾನ ಕಷ್ಟವಿತ್ತು. ಸೋತವರ ಮತಕ್ಕೆ ಬಂಡಾಯದ ಮತ ಕೂಡಿಸಿ ನೋಡುವ ಈ ಪರೀಕ್ಷೆಯನ್ನು ಪ್ರತಿ ಸಲವೂ ಮಾಡಿ.

ಅದೇ ಚುನಾವಣೆಯಲ್ಲಿ ಇನ್ನೊಂದು ತಮಾಷೆ. ಕಾಂಗ್ರೆಸ್‌ನ ಮೂರನೇ ಅಭ್ಯರ್ಥಿ ಕೆ.ಸಿ. ರಾಮಮೂರ್ತಿಗೆ 52 ಮತ, ಎಲ್ಲರಿಗಿಂತ ಜಾಸ್ತಿ. ಜೈರಾಮ್ ರಮೇಶ್, ಆಸ್ಕರ್ ಫರ್ನಾಂಡಿಸ್‌ಗೆ 46, 46. ಹೊರಗಿನಿಂದ ಬರುವವರು ಎಷ್ಟು ನಂಬಿಕಸ್ಥರೋ ಗೊತ್ತಿರುವುದಿಲ್ಲ, ಹಾಗಾಗಿ ಅವರನ್ನೆಲ್ಲ ಕೊನೆಯ ಅಭ್ಯರ್ಥಿಗೆ ಕೊಡುತ್ತಾರೆ. ಎಲ್ಲರೂ ಬಂದುಬಿಟ್ಟರೆ ಹೀಗೆ ಉಕ್ಕುತ್ತದೆ. ಅತಿ ಹೆಚ್ಚು ಮತ ಪಡೆದವರೇ ಪಕ್ಷದ ಅತಿ ದೊಡ್ಡ ನಾಯಕರು ಅಂತ ಬರೆಯುವ ಉತ್ಸಾಹಿಗಳಿಗೆ ಇದನ್ನು ತೋರಿಸಿ.

ಅಸಿಂಧು ಮತ, ಚೀಟಿ, ವಿಪ್

ಇದು ಗುಪ್ತ ಮತದಾನ ಅಲ್ಲ. 2003ರ ತಿದ್ದುಪಡಿಯ ನಂತರ ಪಕ್ಷದ ಶಾಸಕರು ಗುರುತು ಮಾಡಿದ ಮತಪತ್ರವನ್ನು ತಮ್ಮ ಪಕ್ಷದ ಏಜೆಂಟ್‌ಗೆ ತೋರಿಸಲೇಬೇಕು. ತೋರಿಸದಿದ್ದರೂ ಅಸಿಂಧು, ಬೇರೆಯವರಿಗೆ ತೋರಿಸಿದರೂ ಅಸಿಂಧು. 2017ರಲ್ಲಿ ಗುಜರಾತ್‌ನಲ್ಲಿ ಕಾಂಗ್ರೆಸ್‌ನ ಇಬ್ಬರು ಬಂಡಾಯಗಾರರು ಮತಪತ್ರವನ್ನು ಬೇರೆಯವರಿಗೂ ಕಾಣಿಸಿದರು. ಚುನಾವಣಾ ಆಯೋಗ ರಾತ್ರಿ ಆ ಎರಡೂ ಮತ ರದ್ದು ಮಾಡಿತು. ಕೋಟಾ ಇಳಿಯಿತು, ಕಾಂಗ್ರೆಸ್‌ನ ಅಹ್ಮದ್ ಪಟೇಲ್ 44 ಮತದಲ್ಲಿ ಗೆದ್ದರು. 2022ರಲ್ಲಿ ಹರಿಯಾಣದಲ್ಲಿ ಕಾಂಗ್ರೆಸ್‌ನ ಒಂದು ಮತ ಅಸಿಂಧುವಾಯಿತು, ಒಬ್ಬ ಶಾಸಕರು ಅಡ್ಡ ಮತದಾನ ಮಾಡಿದರು, ಅಜಯ್ ಮಾಕನ್ ಕೂದಲೆಳೆಯಲ್ಲಿ ಸೋತರು. ಎರಡು ವರ್ಷದ ನಂತರ ಅವರು ಗೆದ್ದದ್ದು ನಮ್ಮ ರಾಜ್ಯದಿಂದ. ಸ್ಪರ್ಧಿಸುವ ರಾಜ್ಯದಲ್ಲೇ ಮತದಾರರಾಗಿರಬೇಕು ಅನ್ನುವ ನಿಯಮವನ್ನೂ 2003ರಲ್ಲೇ ತೆಗೆದರು. 2006ರಲ್ಲಿ ಸುಪ್ರೀಂ ಕೋರ್ಟ್ ಎರಡನ್ನೂ ಎತ್ತಿಹಿಡಿಯಿತು. ನೋಟಾ ಹುಡುಕಬೇಡಿ, 2018ರಲ್ಲಿ ಕೋರ್ಟ್ ಅದನ್ನು ಈ ಚುನಾವಣೆಯಿಂದ ತೆಗೆಸಿತು.

ಅಡ್ಡ ಮತ ಹಾಕಿದ ಶಾಸಕರ ಸ್ಥಾನ ಹೋಗುತ್ತದೆ ಅಂತ ಟಿವಿಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ರಾಜ್ಯಸಭೆ ಮತಕ್ಕೆ ಪಕ್ಷಾಂತರ ನಿಷೇಧ ಕಾಯ್ದೆ ಅನ್ವಯಿಸುವುದಿಲ್ಲ. ಪಕ್ಷ ಉಚ್ಚಾಟಿಸಬಹುದು, ಶಾಸಕತ್ವ ಉಳಿಯುತ್ತದೆ. 2024ರಲ್ಲಿ ಹಿಮಾಚಲದಲ್ಲಿ 6 ಕಾಂಗ್ರೆಸ್ ಶಾಸಕರು ಅಡ್ಡ ಮತ ಹಾಕಿ ಕಾಂಗ್ರೆಸ್‌ನ ಅಭಿಷೇಕ್ ಮನು ಸಿಂಘ್ವಿ ಮತ್ತು ಬಿಜೆಪಿಯ ಹರ್ಷ್ ಮಹಾಜನ್ ತಲಾ 34ಕ್ಕೆ ಬಂದು ನಿಂತರು. ಚೀಟಿ ಎತ್ತಿದರು. ಹೊರಗೆ ಬಂದ ಹೆಸರು ಸಿಂಘ್ವಿಯವರದು, ಸೋತವರೂ ಅವರೇ. ಯಾಕೆಂದರೆ ಅಲ್ಲಿ ಚೀಟಿ ಎತ್ತಿದ್ದು ಹೊರಹಾಕಬೇಕಾದವರನ್ನು ಆರಿಸಲು. ಆ 6 ಮಂದಿ ಅನರ್ಹರಾದದ್ದು ಬಜೆಟ್ ಮತದಾನದಲ್ಲಿ ವಿಪ್ (ಪಕ್ಷದ ಕಡ್ಡಾಯ ಸೂಚನೆ) ಮೀರಿದ್ದಕ್ಕೆ, ರಾಜ್ಯಸಭೆ ಮತಕ್ಕಲ್ಲ.

ಮತದಾನವೇ ಇಲ್ಲದ ಫಲಿತಾಂಶ

ಅವಿರೋಧ ಆಯ್ಕೆಯನ್ನು ಪತ್ರಿಕೆಗಳು ಒಳಪುಟಕ್ಕೆ ಹಾಕುತ್ತವೆ. ಮೈತ್ರಿ ಅರ್ಥವಾಗಬೇಕಾದರೆ ಅದನ್ನೇ ಮೊದಲು ಓದಬೇಕು ಅನ್ನುವುದು ನನ್ನ ಅಭಿಪ್ರಾಯ. ನಿಜವಾದ ಕೊಡುಕೊಳ್ಳುವಿಕೆ ಅಲ್ಲಿ ಮುಗಿದಿರುತ್ತದೆ.

ಫಾರೂಕ್ 2016ರಲ್ಲಿ ಸೋತರು, 2018ರ ಮಾರ್ಚ್‌ನಲ್ಲಿ ಮತ್ತೆ ಸೋತರು. ಕುಪೇಂದ್ರ ರೆಡ್ಡಿ 2022ರಲ್ಲಿ, 2024ರಲ್ಲಿ ಸೋತರು. ಇಷ್ಟರ ಮಧ್ಯೆ ಜೆಡಿಎಸ್‌ನಿಂದ ರಾಜ್ಯಸಭೆಗೆ ಹೋದದ್ದು 2020ರ ಜೂನ್‌ನಲ್ಲಿ ಎಚ್.ಡಿ. ದೇವೇಗೌಡರು, ಅದೂ ಅವಿರೋಧವಾಗಿ. ಆಗ ಜೆಡಿಎಸ್‌ಗೆ 34 ಶಾಸಕರು, 11 ಮತ ಬೇಕಿತ್ತು. ಕಾಂಗ್ರೆಸ್ ಮಲ್ಲಿಕಾರ್ಜುನ ಖರ್ಗೆ ಒಬ್ಬರನ್ನೇ ನಿಲ್ಲಿಸಿ ಮಿಕ್ಕ ಮತ ಗೌಡರಿಗೆ ಅಂದಿತು. ಬಿಜೆಪಿಯಿಂದ ಈರಣ್ಣ ಕಡಾಡಿ, ಅಶೋಕ್ ಗಸ್ತಿ. ನಾಲ್ಕಕ್ಕೆ ನಾಲ್ಕೇ ಜನ. ಎರಡೂ ಪಕ್ಷಗಳ ಸಮ್ಮಿಶ್ರ ಸರ್ಕಾರ ಬಿದ್ದು ವರ್ಷ ತುಂಬುತ್ತಾ ಬಂದಿತ್ತು, ಆದರೂ ಆ ಒಂದು ಸ್ಥಾನದ ಮಟ್ಟಿಗೆ ಲೆಕ್ಕ ಕೂಡಿತು. ಎರಡೇ ವರ್ಷದ ಮೇಲೆ, ಅದೇ ಪಕ್ಷಗಳ ಮಧ್ಯೆ ಕೂಡಲಿಲ್ಲ. 2020 ಮತ್ತು 2022ನ್ನು ಪಕ್ಕಪಕ್ಕ ಇಟ್ಟು ಓದಿ.

ದೇಶದ ಮಟ್ಟದಲ್ಲೂ ಹೀಗೇ. 2024ರ ಲೋಕಸಭೆ ಚುನಾವಣೆಯಲ್ಲಿ ಬಿಹಾರದ ಕಾರಾಕಾಟ್‌ನಲ್ಲಿ ಬಿಜೆಪಿಯ ಮಿತ್ರಪಕ್ಷದ ಉಪೇಂದ್ರ ಕುಶ್ವಾಹ ಸೋತರು. ಅದೇ ಆಗಸ್ಟ್‌ನಲ್ಲಿ ಎನ್‌ಡಿಎ ಅವರನ್ನು ರಾಜ್ಯಸಭೆಗೆ ಕಳಿಸಿತು. ಆ ಉಪಚುನಾವಣೆಯ 12 ಸ್ಥಾನಗಳಲ್ಲಿ ಬಿಜೆಪಿಗೆ 9, ಮಿತ್ರಪಕ್ಷಗಳಿಗೆ 2, ಕಾಂಗ್ರೆಸ್‌ಗೆ 1. ಹಿಮಾಚಲದಲ್ಲಿ ಸೋತ ಸಿಂಘ್ವಿ ತೆಲಂಗಾಣದಿಂದ ಬಂದದ್ದು ಆಗಲೇ.

ದೆಹಲಿಯ ಲೆಕ್ಕ ಮಾಡುವಾಗ 245ರ ಅರ್ಧ ಅಂತ ಸುಮ್ನೆ ಬರೆದುಬಿಡಬೇಡಿ. 233 ಆಯ್ಕೆಯಾದವರು, 12 ನಾಮಕರಣಗೊಂಡವರು. ಖಾಲಿ ಸ್ಥಾನ ಕಳೆದು ಆಮೇಲೆ ಅರ್ಧ ಮಾಡಿ. 2024ರ ಆಗಸ್ಟ್ ಕೊನೆಗೆ 8 ಖಾಲಿ ಇದ್ದವು, ಸದನದ ಬಲ 237, ಬಹುಮತಕ್ಕೆ 119. ಎನ್‌ಡಿಎಗೆ 112, ಅದರಲ್ಲಿ ಬಿಜೆಪಿಯದು 96. ಬೆಂಬಲಿಸುವ 6 ನಾಮಕರಣ ಸದಸ್ಯರು ಮತ್ತು ಒಬ್ಬ ಪಕ್ಷೇತರರು ಸೇರಿ ಸರಿಯಾಗಿ 119. ಇವನ್ನು ನಾಲ್ಕು ಸಾಲಿನಲ್ಲಿ ಬೇರೆ ಬೇರೆ ಬರೆಯಿರಿ: ದೊಡ್ಡ ಪಕ್ಷ, ಮಿತ್ರರು, ನಾಮಕರಣ, ಪಕ್ಷೇತರ. ಮಿತ್ರರ ಸಾಲಿನಲ್ಲಿ ಇದ್ದದ್ದು 16. ಒಂದೊಂದು, ಎರಡೆರಡು ಸ್ಥಾನದ ಪಕ್ಷಗಳೇ ಅಲ್ಲಿ ಬಹಳ. ಆ ಸಾಲನ್ನು ಅಳಿಸಿದರೆ 103 ಉಳಿಯುತ್ತದೆ. ಲೋಕಸಭೆಯಲ್ಲಿ ಸೋತ ಮಿತ್ರನಿಗೂ ರಾಜ್ಯಸಭೆಯ ಒಂದು ಸ್ಥಾನ ಯಾಕೆ ಸಿಕ್ಕಿತು ಅಂತ ಕೇಳುವವರಿಗೆ ಈ ಕಳೆಯುವ ಲೆಕ್ಕ ತೋರಿಸಿ.